ಹದ್ದಿನ ಹತ್ತಿರಕ್ಕೆ: ಕಾಲ್ನಡಿಗೆಯೋ, ಕಾರಿನ ಕಿಟಕಿಯೋ

ಬೆಂಗಳೂರಿನ ಬಳಿಯ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಕಪ್ಪು ರೆಕ್ಕೆಯ ಹದ್ದಿನ ಚಿತ್ರ ತೆಗೆಯಲು ಎರಡು ಚಳಿಗಾಲ ಎರಡು ಬಗೆಯಲ್ಲಿ ಪ್ರಯತ್ನಿಸಿದ್ದೇನೆ. ಮೊದಲ ವರ್ಷ 150-600 ಮಿ.ಮೀ. ಜೂಮ್ ಲೆನ್ಸನ್ನು ಟ್ರೈಪಾಡಿಗೆ ಕೂರಿಸಿಕೊಂಡು ನಡೆದೇ ಹೋಗುತ್ತಿದ್ದೆ. ಮರುವರ್ಷ ಕಾರನ್ನು ಮಣ್ಣುದಾರಿಯಿಂದ ಕೆಳಗಿಳಿಸದೆ ಅಂಚಿನಲ್ಲೇ ನಿಲ್ಲಿಸಿ, ಎಂಜಿನ್ ಆರಿಸಿ, ಅಕ್ಕಿ ತುಂಬಿದ ಬಟ್ಟೆಯ ಚೀಲವನ್ನು ಕಿಟಕಿಯ ಮೇಲಿಟ್ಟು, ಅದರ ಮೇಲೆ 400 ಮಿ.ಮೀ. ಲೆನ್ಸ್ ಒರಗಿಸಿ ಕಾಯುತ್ತಿದ್ದೆ.

ನಡೆದು ಹೋದಾಗ ಹಕ್ಕಿ 30 ಮೀಟರಿಗಿಂತ ಹತ್ತಿರ ಬಿಟ್ಟುಕೊಂಡದ್ದೇ ಅಪರೂಪ. ಮನುಷ್ಯನ ನಿಂತ ಆಕಾರ ಕಂಡೊಡನೆ ಅದು ಬಾಲವನ್ನು ಮೇಲೆ ಕೆಳಗೆ ಆಡಿಸತೊಡಗುತ್ತದೆ. ಅಲ್ಲಿಗೇ ನಿಲ್ಲದಿದ್ದರೆ ಮುಂದಿನ ಹೆಜ್ಜೆಗೆ ಹಾರಿಬಿಡುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ನಡುವಿನ ಗಾಳಿಯೇ ಅಲೆಯಾಡುವುದರಿಂದ, ಎಷ್ಟೇ ಬೆಲೆಯ ಲೆನ್ಸ್ ಆದರೂ ಗರಿಯ ಎಳೆಗಳು ಕಲಸಿಹೋಗುತ್ತವೆ.

ಕಾರಿನೊಳಗೆ ಕುಳಿತವನನ್ನು ಅದೇ ಹಕ್ಕಿ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಒಂದು ಬೆಳಿಗ್ಗೆ ಮುಕ್ಕಾಲು ಗಂಟೆ ಅಲುಗಾಡದೆ ಕಾದ ಮೇಲೆ, ಇಲಿಯೊಂದನ್ನು ಹಿಡಿದು ತಂದು, ಸುಮಾರು 10 ಮೀಟರಿನಾಚೆಯ ಒಣಗಿದ ಜಾಲಿಯ ಕೊಂಬೆಯ ಮೇಲೆ ಕುಳಿತು ತಿನ್ನತೊಡಗಿತು. ಕೆಂಪು ಕಣ್ಣು, ಅದರ ಸುತ್ತ ಕಾಡಿಗೆ ತೀಡಿದಂತಹ ಕಪ್ಪು, ಹಳದಿ ಬೆರಳಿಗೆ ಮೆತ್ತಿದ ರಕ್ತ, ಎಲ್ಲವೂ ಚಿತ್ರದಲ್ಲಿ ಉಳಿದಿವೆ. ಲೆಕ್ಕ ಸರಳವಾಗಿದೆ. ಲೆನ್ಸಿನ ಮಿ.ಮೀ. ಹೆಚ್ಚಿದಷ್ಟೂ ಹಕ್ಕಿ ದೊಡ್ಡದಾಗಿ, ದೂರ ಹೆಚ್ಚಿದಷ್ಟೂ ಚಿಕ್ಕದಾಗಿ ಕಾಣುತ್ತದೆ: 10 ಮೀಟರಿನಿಂದ 400 ಮಿ.ಮೀ. ಲೆನ್ಸಿನಲ್ಲಿ ಕಾಣುವ ಹಕ್ಕಿ, 30 ಮೀಟರಿನಿಂದ 600 ಮಿ.ಮೀ.ನಲ್ಲಿ ಕಾಣುವುದಕ್ಕಿಂತ ಎರಡರಷ್ಟು ದೊಡ್ಡದು. ಆದ್ದರಿಂದ ದೊಡ್ಡ ಲೆನ್ಸಿಗೆ ಹಣ ಕೂಡಿಸುತ್ತಿರುವವರಿಗೆ ನಾನು ಮೊದಲು ತಾಳ್ಮೆಯಿಂದ ಕೂರುವುದನ್ನು ಕಲಿಯಿರಿ ಎಂದೇ ಹೇಳುತ್ತೇನೆ.

ಹಾಗೆಂದು ಕಾರು ಎಲ್ಲದಕ್ಕೂ ಒದಗುವುದಿಲ್ಲ. ಈ ಹದ್ದು ಬೇಟೆಗಾಗಿ ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಲ್ಲುವಾಗ ನಾನು ಹೊರಗೇ ಇರಬೇಕು. ಕಿಟಕಿಯ ಚೌಕಟ್ಟಿನಿಂದ ತಲೆಯ ಮೇಲಿನ ಆಕಾಶಕ್ಕೆ ಲೆನ್ಸ್ ತಿರುಗದು. ಹಾರಾಟದ ನನ್ನ ಒಳ್ಳೆಯ ಚಿತ್ರಗಳೆಲ್ಲ ನಡೆದ ವರ್ಷದವು, ಶಟರ್ ವೇಗ ಸೆಕೆಂಡಿನ 1/2500 ಭಾಗ ಇಟ್ಟು ತೆಗೆದವು.

ಮಾಂಸದಂಗಡಿಗಳ ಮೇಲೆ ಸುತ್ತುವ ಕರಿಹದ್ದುಗಳಿಗೆ (ಇವು ಬೇರೆ ಜಾತಿಯವು) ತುಂಡು ಎಸೆದು ಹತ್ತಿರ ಕರೆಯುವವರೂ ಇದ್ದಾರೆ. ಅದು ನನಗೆ ಒಪ್ಪಿಗೆಯಾಗದ ಕಾರಣ ಪ್ರಯತ್ನಿಸಿಲ್ಲ. ಗೂಡಿನ ಬಳಿಗಂತೂ ಎರಡೂ ಬಗೆಯಲ್ಲಿ ಹೋಗಬಾರದು: ತಾಯಿ ಎದ್ದ ಗಳಿಗೆಯಲ್ಲೇ ಕಾಗೆಗಳು ಮೊಟ್ಟೆಗೆ ಬರುತ್ತವೆ.

ಲಾಲ್‌ಬಾಗಿನಲ್ಲಿ ಮಾತ್ರ ಫಲಿತಾಂಶ ತಿರುಗುಮುರುಗಾಯಿತು. ಅಲ್ಲಿನ ಶಿಕ್ರಾ ಎಂಬ ಚಿಕ್ಕ ಬೇಟೆಹಕ್ಕಿ ದಿನವೂ ವಾಯುವಿಹಾರದವರನ್ನು ನೋಡಿ ಪಳಗಿರುವುದರಿಂದ, ನಿಲ್ಲದೆ, ನೇರ ಅದರತ್ತ ಹೋಗದೆ, ಓರೆಯಾಗಿ ನಡೆಯುತ್ತ ಬಂದವನಿಗೆ ಹೆದರುವುದಿಲ್ಲ. ಅದು ಎಲ್ಲಿದೆಯೆಂದು ಹುಡುಕುವ ಕಷ್ಟವೂ ಇಲ್ಲ; ಅಳಿಲುಗಳು ಒಂದೇ ಸಮನೆ ಚಿಕ್‌ಚಿಕ್ ಎನ್ನುತ್ತ ಬಾಲ ಕುಣಿಸುವ ಮರದ ಕಡೆಗೆ ಕಣ್ಣು ಹಾಯಿಸಿದರೆ, ಎಲೆಗಳ ನೆರಳಿನಲ್ಲಿ ಬೂದು ಬೆನ್ನು ಕಾಣುತ್ತದೆ. ಅಲ್ಲಿಗೆ ನಾನು ಈಗ 400 ಮಿ.ಮೀ. ಲೆನ್ಸನ್ನು ಕೈಯಲ್ಲೇ ಹಿಡಿದು ಹೋಗುತ್ತೇನೆ. ಟ್ರೈಪಾಡ್ ಮನೆಯಲ್ಲೇ ಇರುತ್ತದೆ.