ಎಲಾನ್: ಪುಕ್ಕಟೆ ಸಿಗುತ್ತದೆ, ಪುರಸೊತ್ತು ಕೇಳುತ್ತದೆ

ಒಂದು ಫ್ರೇಮ್ ಮುಂದೆ, ಒಂದು ಫ್ರೇಮ್ ಹಿಂದೆ. ವಿಡಿಯೋದಲ್ಲಿ ಯಾವ ಕ್ಷಣಕ್ಕೆ ಏನಾಯಿತು ಅಂತ ಗುರುತು ಹಾಕಿ ಬರೆದಿಡುವ ಸಾಫ್ಟ್‌ವೇರ್ ಎಲಾನ್ (ELAN). ಅದಕ್ಕೆ ನಾನು ಇನ್ನೂ ಅಂಟಿಕೊಂಡಿರುವುದು ಈ ಎರಡು ಬಟನ್‌ಗಳಿಗಾಗಿ. ಉಳಿದ ಫೀಚರ್‌ಗಳ ಪಟ್ಟಿ ನೀವು ಎಲ್ಲೋ ನೋಡಿಯೇ ಇರುತ್ತೀರಿ, ಮತ್ತೆ ಬರೆಯುವುದಿಲ್ಲ. ನೆದರ್ಲೆಂಡ್ಸ್‌ನ ನೈಮೇಗನ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಮಾಡಿದ್ದು, ಒಂದು ಪೈಸೆಯೂ ಕೇಳುವುದಿಲ್ಲ. ಫೆಲೋಶಿಪ್ ಯಾವ ತಿಂಗಳು ಬರುತ್ತದೋ ಅಂತ ಕಾಯುವ ನನ್ನಂಥವರಿಗೆ ಅಷ್ಟು ಸಾಕಿತ್ತು.

ನಾನು ಕಲಬುರಗಿಯಲ್ಲಿ ಎರಡು ಥರದ ವಿಡಿಯೋ ಮಾಡುತ್ತೇನೆ. ಒಂದು, ಕನ್ನಡ, ದಖನಿ ಮಾತಾಡುವವರು ಮಾತಿನ ಜೊತೆ ಆಡಿಸುವ ಕೈ. ಇನ್ನೊಂದು, ಕಿವುಡ ಗೆಳೆಯರ ಸನ್ನೆ ಭಾಷೆ. ಎರಡೂ ಕೈಯದೇ ಕೆಲಸ ಅಂತ ಒಂದೇ ಗಂಟಿಗೆ ಕಟ್ಟಬೇಡಿ. ಮೊದಲನೆಯದು ಮಾತಿಗೆ ಜೊತೆಗಾರ, ಎರಡನೆಯದು ತಾನೇ ಪೂರ್ತಿ ಭಾಷೆ, ಅದಕ್ಕೆ ಅದರದೇ ವ್ಯಾಕರಣ.

ಸಂಜೆ ಬಿಸಿಲು ಇಳಿದ ಮೇಲೆ ಒಂದು ಪ್ಲೇಟ್ ಸುಸಲಾ ಮುಗಿಸಿ, ಕೈ ಒರೆಸಿಕೊಂಡು ಫೈಲ್ ತೆಗೆಯುತ್ತೇನೆ. ಮೊದಲ ಸುತ್ತು ಸೌಂಡ್ ಪೂರ್ತಿ ಬಂದ್. ಕೈ ಮಾತ್ರ ನೋಡಿ ಗುರುತು ಹಾಕುವುದು. ಎರಡನೇ ಸುತ್ತಿನಲ್ಲಿ ಚಿತ್ರ ನೋಡದೆ ಮಾತು ಮಾತ್ರ ಬರೆದುಕೊಳ್ಳುವುದು. ಮೂರನೆಯದಕ್ಕೆ ಎರಡನ್ನೂ ಕೂಡಿಸುವುದು. ಮಾತು ಕೇಳುತ್ತಾ ಕೈ ನೋಡಿದರೆ ಮಾತಿನ ಅರ್ಥವನ್ನೇ ಕೈಗೆ ಅಂಟಿಸಿಬಿಡುತ್ತೇವೆ, ಅದಕ್ಕೇ ಈ ಮಡಿ.

ತೊಗರಿ ರೈತರೊಬ್ಬರು 'ಹೋದ ವರ್ಷ ಇಷ್ಟೆತ್ತರ ಬಂದಿತ್ರೀ' ಅನ್ನುವ ತುಣುಕು ನನ್ನ ಹತ್ತಿರ ಇದೆ. ಸುಮ್ನೆ ನೋಡಿದರೆ ಕೈಯೂ ಮಾತೂ ಒಟ್ಟಿಗೇ ಬಂದಂತೆ ಕಾಣುತ್ತದೆ. ಸೆಕೆಂಡಿಗೆ 25 ಫ್ರೇಮ್ ಅಂದರೆ ಒಂದು ಫ್ರೇಮ್‌ಗೆ 40 ಮಿಲಿಸೆಕೆಂಡ್. ಹಾಗೆ ಒಂದೊಂದೇ ಹೆಜ್ಜೆ ಇಟ್ಟರೆ, 'ಹೋದ ವರ್ಷ' ಅನ್ನುವಾಗಲೇ ಅವರ ಕೈ ತೊಡೆ ಬಿಟ್ಟು ಎದ್ದಿದೆ. 'ಇಷ್ಟೆತ್ತರ' ಬಾಯಿಗೆ ಬರುವ ಹೊತ್ತಿಗೆ ಅಂಗೈ ಎದೆಮಟ್ಟದಲ್ಲಿ ಕಾಯುತ್ತಿದೆ! ಮಾತಿನ ಜೊತೆಗಿನ ಕೈಯಾಟದ ಬಗ್ಗೆ ಸಂಶೋಧನೆ ಮಾಡಿದ ಆ್ಯಡಂ ಕೆಂಡನ್, ಕೈಯ ಚಲನೆಯನ್ನು ತಯಾರಿ, ಸ್ಟ್ರೋಕ್ (ಅರ್ಥ ಹೊತ್ತ ಮುಖ್ಯ ಚಲನೆ), ವಾಪಸಾತಿ ಅಂತ ಬಿಡಿಸಿದ್ದನ್ನು ಓದುವಾಗ ನನಗೆ ನಿದ್ದೆ ಬಂದಿತ್ತು. ಇಲ್ಲಿ ಕಣ್ಣಾರೆ ಕಂಡಿತು.

ರೆಕಾರ್ಡಿಂಗ್ ದಿನದ ಕಥೆ ಬೇರೆ. ಮಾತಾಡುವವರನ್ನು ರೆಕಾರ್ಡ್ ಮಾಡಬೇಕಾದರೆ ಫ್ಯಾನ್ ಬಂದ್ ಮಾಡಲೇಬೇಕು, ಮೇ ತಿಂಗಳಲ್ಲೂ. ಕಲಬುರಗಿಯ ಮೇ ಗೊತ್ತಲ್ವಾ? ಸನ್ನೆ ಭಾಷೆಯವರ ದಿನ ಫ್ಯಾನ್ ಫುಲ್ ಸ್ಪೀಡಿನಲ್ಲಿ ತಿರುಗುತ್ತದೆ. ಆದರೆ ಹಿಂದೆ ಕಟ್ಟಿದ ಬಟ್ಟೆ ಹಾರುತ್ತದೆ, ಅದಕ್ಕೆ ಕ್ಲಿಪ್ಪು. ಗೀಟಿನ ಅಂಗಿ ಬೇಡ ಅಂತ ಮೊದಲೇ ಹೇಳಿಡಬೇಕು, ಗೀಟಿನ ಮೇಲೆ ಬೆರಳು ಸರಿಯಾಗಿ ಕಾಣುವುದಿಲ್ಲ.

ನನಗೆ ಸಿಟ್ಟು ಬಂದಿದ್ದು ಫೋನ್ ಮೇಲೆ. ಎದುರಿನಿಂದ ಒಂದು, ಪಕ್ಕದಿಂದ ಒಂದು ವಿಡಿಯೋ ಬೇಕು ಅಂತ ಎರಡನೇ ಕ್ಯಾಮೆರಾ ಬದಲು ಒಂದು ಫೋನ್ ಕೊಂಡೆ. ಕಂಪನಿ ಹೆಸರು ಬೇಡ ಬಿಡಿ. ಅದು ಬೆಳಕು ಕಡಿಮೆಯಾದರೆ ಫ್ರೇಮ್ ಸಂಖ್ಯೆಯನ್ನು ತನಗೆ ಬೇಕಾದಂತೆ ಏರಿಳಿಸುತ್ತದೆ. ಮದುವೆ ವಿಡಿಯೋಗೆ ಅಡ್ಡಿಯಿಲ್ಲ. ನನ್ನ ಕೆಲಸಕ್ಕೆ ವಿಷ. ಎಲಾನ್‌ನಲ್ಲಿ ಎರಡೂ ವಿಡಿಯೋ ಶುರುವಿನಲ್ಲಿ ಸರಿಯಾಗಿ ಹೊಂದಿಸಿದರೂ, ಕೊನೆ ಮುಟ್ಟುವಷ್ಟರಲ್ಲಿ ಎದುರಿನ ಕೈ ಇಳಿದಿರುತ್ತದೆ, ಪಕ್ಕದ್ದು ಇನ್ನೂ ಮೇಲೇ ಇರುತ್ತದೆ. ಸರ್ವಿಸ್ ಸೆಂಟರಿನವರು 'ಯೂಟ್ಯೂಬಿಗೆ ಸಾಕಲ್ರೀ ಸರ್' ಅಂದರು. ಈಗ ಪ್ರತಿ ಫೈಲನ್ನೂ ಹ್ಯಾಂಡ್‌ಬ್ರೇಕ್ ಅನ್ನುವ ವಿಡಿಯೋ ಬದಲಿಸುವ ಸಾಫ್ಟ್‌ವೇರ್‌ನಲ್ಲಿ ಸ್ಥಿರ ಫ್ರೇಮ್ ರೇಟ್‌ಗೆ ಬದಲಿಸಿ ಆಮೇಲೆ ಎಲಾನ್‌ಗೆ ಹಾಕುತ್ತೇನೆ. ಲ್ಯಾಪ್‌ಟಾಪ್ ರೊಟ್ಟಿ ಹಂಚಿನಂತೆ ಕಾಯುತ್ತದೆ. ಇದರಲ್ಲಿ ಸಾಫ್ಟ್‌ವೇರ್ ತಪ್ಪಿಲ್ಲ, ಆದರೂ ಆ ವಾರ ಎಲಾನ್ ಐಕಾನ್ ನೋಡಿದರೆ ಮೈ ಉರಿಯುತ್ತಿತ್ತು.

ಸನ್ನೆ ಭಾಷೆಗೆ ಬಂದರೆ ಎಲಾನ್‌ನಲ್ಲಿ ಗುರುತು ಹಾಕುವ ಸಾಲುಗಳು ಜಾಸ್ತಿ ಬೇಕು. ಬಲಗೈ, ಎಡಗೈ, ಹುಬ್ಬು, ಬಾಯಿ, ನೋಟ, ಪ್ರತಿಯೊಂದಕ್ಕೂ ಬೇರೆ ಸಾಲು. ಹುಬ್ಬು ಏರಿ ತಲೆ ಮುಂದೆ ಬಂದರೆ ಅದೇ ವಾಕ್ಯ ಹೌದು-ಇಲ್ಲ ಪ್ರಶ್ನೆಯಾಗುತ್ತದೆ. ಕೈ ಮಾತ್ರ ಗುರುತು ಹಾಕಿದವರಿಗೆ ಅರ್ಧ ವ್ಯಾಕರಣ ತಪ್ಪಿತು ಅಂತಲೇ ಲೆಕ್ಕ. ಕನ್ನಡ ಅಕ್ಷರ ತಕರಾರಿಲ್ಲದೆ ಮೂಡುತ್ತದೆ. ಒಂದು ಸನ್ನೆಗೆ ಒಂದೇ ಹೆಸರು ಅಂತ ಪಟ್ಟಿ ಮಾಡಿಟ್ಟರೆ, ಬರೆಯುವಾಗ ಅದರಿಂದಲೇ ಆರಿಸಬಹುದು. ಹೆಸರಿಗಾಗಿ ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟು ನೋಡುತ್ತೇನೆ. 2021ರ ಆವೃತ್ತಿಯಲ್ಲಿ 10,000 ಪದ ಇವೆ. ಆದರೆ ಊರಿಂದ ಊರಿಗೆ ಸನ್ನೆ ಬದಲಾಗುತ್ತದೆ, ಅದಕ್ಕೇ ಕೊನೆಯ ಮಾತು ಪಕ್ಕದಲ್ಲಿ ಕೂತ ಕಿವುಡ ಗೆಳೆಯನದು. ನಾನು ಒಂದು ಸನ್ನೆ ಅಂತ ಗುರುತು ಹಾಕಿದ್ದನ್ನು ನೋಡಿ ಅವನು ತಲೆ ಅಲ್ಲಾಡಿಸಿ ಎರಡು ಬೆರಳು ತೋರಿಸುತ್ತಾನೆ. ಅವನ ಸಮಯಕ್ಕೆ ಬಜೆಟ್‌ನಲ್ಲಿ ದುಡ್ಡು ಇಡಿ. ಸಾಫ್ಟ್‌ವೇರ್‌ನಲ್ಲಿ ಉಳಿಸಿದ್ದನ್ನು ಅಲ್ಲಿಗೇ ಹಾಕಿ.

ಇನ್ನೂ ಒಂದು ಖರ್ಚು ಹಾರ್ಡ್ ಡಿಸ್ಕ್. ಮುಖ ಮಸುಕು ಮಾಡಿದರೆ ಹುಬ್ಬೂ ಬಾಯಿಯೂ ಹೋದವು, ಡೇಟಾನೇ ಹೋಯಿತು. ಅದಕ್ಕೆ ವಿಡಿಯೋ ಎಲ್ಲೆಲ್ಲೋ ಏರಿಸದೆ ನನ್ನ ಹತ್ತಿರವೇ ಇಟ್ಟಿದ್ದೇನೆ. ಒಪ್ಪಿಗೆಯನ್ನೂ ಸನ್ನೆಯಲ್ಲೇ ರೆಕಾರ್ಡ್ ಮಾಡಿಸಿಕೊಳ್ಳುತ್ತೇನೆ. ಇಂಗ್ಲಿಷ್ ಫಾರಂ ಮೇಲೆ ಸಹಿ ಹಾಕಿಸಿ ಕೈತೊಳೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ದನದ ಸಂತೆಗೆ ಮಾತ್ರ ಎಲಾನ್ ತಗೊಂಡು ಹೋಗಬೇಡಿ. ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮುಗಿಸುತ್ತಾರೆ, ಯಾವ ಕ್ಯಾಮೆರಾಕ್ಕೂ ಸಿಗುವುದಿಲ್ಲ.

ನನ್ನ ಕಡೆಯಿಂದ ನಾಲ್ಕು ಸ್ಟಾರ್. ನೋಡೋಕೆ ಹಳೇ ಆಫೀಸ್ ಸಾಫ್ಟ್‌ವೇರ್ ಥರ ಇದೆ, ಮೆನು ತುಂಬಾ ಉದ್ದ, ಒಂದು ನಿಮಿಷದ ವಿಡಿಯೋ ಒಂದು ಸಂಜೆ ತಿನ್ನುತ್ತದೆ. ಅರ್ಜೆಂಟಿನವರಿಗೆ ಇದಲ್ಲ. ಹಾಕಿಕೊಳ್ಳುವವರು ಮೊದಲು ಫೈಲ್ ಮೆನುವಿನಲ್ಲಿ ಆಟೊಮ್ಯಾಟಿಕ್ ಬ್ಯಾಕಪ್ ಆನ್ ಮಾಡಿ. ನಮ್ಮ ಕಡೆ ಕರೆಂಟ್ ಹೇಳಿ ಹೋಗುವುದಿಲ್ಲ.