ವಿಸ್ಯಾನ್ ವಿಟ್ನೆಸ್: ಬಾಕ್ಸ್ ಬೇಕಾ, ವಿಎಂ ಸಾಕಾ?

ವಿಸ್ಯಾನ್ ಅಂದರೆ ಹಲವು ಸರ್ವರ್‌ಗಳ ಡಿಸ್ಕುಗಳನ್ನು ಸೇರಿಸಿ ಒಂದೇ ಸ್ಟೋರೇಜ್ ಮಾಡುವ ವಿಎಂವೇರ್ ಸಾಫ್ಟ್‌ವೇರ್. ಆ ಸರ್ವರ್‌ಗಳು ಎರಡು ಊರು-ಕಡೆ ಹಂಚಿಹೋಗಿದ್ದರೆ, ಮೂರನೇ ಕಡೆ ಕೂತು ಓಟು ಹಾಕುವವನೇ ವಿಟ್ನೆಸ್. ಅದಕ್ಕೆ ಒಂದು ನಿಜವಾದ ಸರ್ವರ್ (ಬಾಕ್ಸ್) ಇಡಬಹುದು, ಇಲ್ಲವೇ ಒಂದು ವಿಎಂ, ಅಂದರೆ ಸರ್ವರ್ ಒಳಗೆ ಸಾಫ್ಟ್‌ವೇರ್ ಆಗಿ ಓಡುವ ವರ್ಚುವಲ್ ಮಷಿನ್. ನಾನು ಎರಡನ್ನೂ ಓಡಿಸಿದ್ದೇನೆ. ಮೂರು ವರ್ಷ ಒಂದು ಟವರ್ ಸರ್ವರ್ ನಮ್ಮ ವಿಟ್ನೆಸ್ ಆಗಿತ್ತು. ಈಗ ನಾಲ್ಕನೇ ವರ್ಷ ವಿಎಂವೇರ್ ಕೊಡುವ ಸಿದ್ಧ ವಿಎಂ, ಅಂದರೆ ವಿಟ್ನೆಸ್ ಅಪ್ಲಯನ್ಸ್ ಓಡುತ್ತಿದೆ. ಯಾರಾದರೂ ಕೇಳಿದರೆ ಅಪ್ಲಯನ್ಸ್ ಹಾಕಿ ಅಂತಲೇ ಹೇಳುತ್ತೇನೆ. ಆದರೆ ನಾನು ಜಾಸ್ತಿ ಪೆಟ್ಟು ತಿಂದದ್ದೂ ಅದರಲ್ಲೇ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ನಮ್ಮ ಸೆಟಪ್. ವೈಟ್‌ಫೀಲ್ಡ್‌ನಲ್ಲಿ ನಾಲ್ಕು ಹೋಸ್ಟ್ (ವಿಎಂ ಓಡಿಸುವ ಸರ್ವರ್), ಎಲೆಕ್ಟ್ರಾನಿಕ್ ಸಿಟಿಯಲ್ಲಿ ನಾಲ್ಕು. ಸುಮಾರು 220 ವಿಎಂ. ಪ್ರತಿ ಡಿಸ್ಕಿನ ಒಂದೊಂದು ಕಾಪಿ ಎರಡೂ ಕಡೆ ಇರುತ್ತದೆ. ಮಧ್ಯೆ 10 ಜಿಬಿಪಿಎಸ್ ಫೈಬರ್. ಬೆಂಗಳೂರಿನ ಫೈಬರ್ ಅಂದ ಮೇಲೆ ಗೊತ್ತಲ್ಲ, ಎಲ್ಲೋ ಒಂದು ಜೆಸಿಬಿ ಅದನ್ನೇ ಹುಡುಕುತ್ತಿರುತ್ತದೆ. ಲೈನು ಕಡಿದ ಕೂಡಲೇ ಎರಡೂ ಕಡೆಯವರಿಗೆ ಆ ಕಡೆಯವನೇ ಸತ್ತ ಅನ್ನಿಸುತ್ತದೆ. ಇಬ್ಬರೂ ಬರೆಯಲು ಶುರು ಮಾಡಿದರೆ ಡೇಟಾ ಕೆಟ್ಟಂತೆಯೇ. ಆಗ ಮೂರನೆಯವನ ಓಟು ಬೇಕು. ಆ ಮೂರನೆಯವನೇ ವಿಟ್ನೆಸ್. ಅವನ ಹತ್ತಿರ ನಮ್ಮ ಡೇಟಾ ಒಂದು ಚೂರೂ ಇರುವುದಿಲ್ಲ. ಪ್ರತಿ ಆಬ್ಜೆಕ್ಟಿಗೆ (ವಿಎಂನ ಒಂದೊಂದು ಡಿಸ್ಕಿನಂಥದ್ದು) 16 ಎಂಬಿಯ ಒಂದು ಪುಟ್ಟ ಕಾಂಪೊನೆಂಟ್ (ತುಣುಕು) ಇಟ್ಟುಕೊಂಡಿರುತ್ತಾನೆ, ಅಷ್ಟೆ. ಅರ್ಧಕ್ಕಿಂತ ಹೆಚ್ಚು ಓಟು ಯಾರ ಕಡೆ ಇದೆಯೋ ಅವರ ವಿಎಂಗಳು ಓಡುತ್ತವೆ.

2019ರಲ್ಲಿ ವಿಸ್ಯಾನ್ 6.7 ಹಾಕಿದಾಗ ನಮ್ಮ ಮ್ಯಾನೇಜರ್‌ಗೆ ಅಪ್ಲಯನ್ಸ್ ಹಿಡಿಸಲಿಲ್ಲ. ಅದು ವಿಎಂ ಒಳಗೆ ಓಡುವ ಇಎಸ್‌ಎಕ್ಸ್‌ಐ, ಅಂದರೆ ವಿಎಂವೇರ್‌ನ ಹೈಪರ್‌ವೈಸರ್ (ವಿಎಂಗಳನ್ನು ಓಡಿಸುವ ಸಾಫ್ಟ್‌ವೇರ್). "ಇಷ್ಟು ಮುಖ್ಯವಾದ ಕೆಲಸಕ್ಕೆ ವಿಎಂ ಒಳಗೆ ಹೈಪರ್‌ವೈಸರ್ ಯಾಕೆ?" ಎಂದರು. ನನಗೂ ಸರಿ ಅನ್ನಿಸಿತ್ತು. ನಾಲ್ಕು ಕೋರಿನ ಒಂದು ಟವರ್ ಸರ್ವರ್ ತಂದು, ಎಸ್‌ಡಿ ಕಾರ್ಡಿನಿಂದ ಬೂಟ್ ಆಗುವಂತೆ ಮಾಡಿ, ಮಂಗಳೂರು ಬ್ರಾಂಚಿನಲ್ಲಿ ಟೇಬಲ್ ಕೆಳಗೆ ಇಟ್ಟು ಬಂದೆ. ಬೇರೆ ಯಾವ ಕೆಲಸವನ್ನೂ ಅದಕ್ಕೆ ಕೊಡಲಿಲ್ಲ.

ಎರಡು ವರ್ಷ ಸುಮ್ನೆ ಓಡಿತು. 2021ರ ಜುಲೈನಲ್ಲಿ ಬ್ರಾಂಚಿನಿಂದ ಫೋನು. "ಸರ್, ನಿಮ್ಮ ಪೆಟ್ಟಿಗೆಯಲ್ಲಿ ಎಂತದೋ ಕೆಂಪು ಲೈಟ್ ಬರ್ತಾ ಉಂಟು ಮಾರಾಯ್ರೆ." ಎಸ್‌ಡಿ ಕಾರ್ಡ್ ಹೋಗಿತ್ತು. ಬೆಂಗಳೂರಿನಲ್ಲಿ ಒಂದು ವಿಎಂ ಕೂಡ ನಿಲ್ಲಲಿಲ್ಲ. ವಿಟ್ನೆಸ್ ಒಂದೇ ಹೋದರೆ ಎಚ್ಚರಿಕೆ ಬರುತ್ತದೆಯೇ ಹೊರತು ಕೆಲಸ ನಿಲ್ಲುವುದಿಲ್ಲ. ಆದರೆ ಅದು ವಾಪಸ್ ಬರುವ ಮೊದಲು ಒಂದು ಸೈಟ್ ಬಿದ್ದರೆ ಮುಗೀತು. ಹೊಸ ಕಾರ್ಡ್ ಬೆಂಗಳೂರಿನಿಂದ ಹೋಗಬೇಕಿತ್ತು, ಘಾಟಿ ರಸ್ತೆ ಕೆಟ್ಟಿತ್ತು. ಒಂಬತ್ತು ದಿನ ಹಿಡಿಯಿತು. ಅಷ್ಟೂ ದಿನ ರಾತ್ರಿ ಮಳೆ ಬಂದಾಗಲೆಲ್ಲ ಎದ್ದು ಡ್ಯಾಶ್‌ಬೋರ್ಡ್ ನೋಡುತ್ತಿದ್ದೆ. ಆ ಒಂಬತ್ತು ದಿನಕ್ಕೆ ಎಲ್ಲಾದರೂ ಒಂದು ಅಪ್ಲಯನ್ಸ್ ಎಬ್ಬಿಸಿ ಅದನ್ನೇ ವಿಟ್ನೆಸ್ ಮಾಡಬಹುದಿತ್ತು. ಅದು ಹೊಳೆದದ್ದು ಕಾರ್ಡ್ ಬಂದ ಮೇಲೆ!

2022ರಲ್ಲಿ 7.0 ಅಪ್‌ಡೇಟ್ 3ಕ್ಕೆ ಹೋಗುವಾಗ ಬಾಕ್ಸ್ ಬಿಟ್ಟೆವು. ಅಪ್ಲಯನ್ಸ್ ಒಂದು ಓವಿಎ ಫೈಲಾಗಿ (ಇಡೀ ವಿಎಂನ ಪ್ಯಾಕೇಜ್) ಬರುತ್ತದೆ. ಸೈಜ್ ಕೇಳುತ್ತದೆ. ಟೈನಿ ತಗೊಂಡರೆ 10 ವಿಎಂವರೆಗೆ, ಮೀಡಿಯಂ ತಗೊಂಡರೆ 500 ವಿಎಂವರೆಗೆ. ನಾವು ಮೀಡಿಯಂ ತಗೊಂಡೆವು: ಎರಡು ವಿಸಿಪಿಯು (ವರ್ಚುವಲ್ ಸಿಪಿಯು), 16 ಜಿಬಿ ರ‍್ಯಾಮ್. ಅರ್ಧ ಗಂಟೆಯಲ್ಲಿ ಎದ್ದು ನಿಂತಿತು. ಅದೇ ಅದರ ಗುಣ, ಅದೇ ಅದರ ದೋಷ ಕೂಡ. ಸುಲಭವಾಗಿ ಏಳುತ್ತದಲ್ಲ, ಎಲ್ಲಿ ಎಬ್ಬಿಸುತ್ತಿದ್ದೇವೆ ಅಂತ ಯಾರೂ ಯೋಚಿಸುವುದಿಲ್ಲ. ನಾನು ವೈಟ್‌ಫೀಲ್ಡ್‌ನಲ್ಲೇ ಇದ್ದ ಒಂದು ಮ್ಯಾನೇಜ್‌ಮೆಂಟ್ ಹೋಸ್ಟಿನ ಮೇಲೆ ಹಾಕಿದೆ. ಮಂಗಳೂರಿಗೆ ಆಮೇಲೆ ಕಳಿಸಿದರಾಯಿತು ಅಂತ.

ಆ "ಆಮೇಲೆ" ನಾಲ್ಕು ತಿಂಗಳಾಯಿತು. ಒಂದು ಶನಿವಾರ ಡಿಆರ್ ಡ್ರಿಲ್, ಅಂದರೆ ಒಂದು ಸೈಟ್ ಬಿದ್ದರೆ ಏನಾಗುತ್ತದೆ ಎಂದು ನೋಡುವ ತಾಲೀಮು. ವೈಟ್‌ಫೀಲ್ಡ್ ಪೂರ್ತಿ ಆಫ್ ಮಾಡಿದೆವು. ವಿಎಂಗಳು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಏಳಬೇಕು. ಐದು ನಿಮಿಷ ಕಾದೆವು, ಹತ್ತು ನಿಮಿಷ ಕಾದೆವು. ಒಂದೂ ಏಳಲಿಲ್ಲ. ಪರದೆ ತುಂಬಾ "ಇನ್‌ಆಕ್ಸೆಸಿಬಲ್". ಡೇಟಾ ಅಲ್ಲೇ ಇತ್ತು, ಡಿಸ್ಕೂ ಚೆನ್ನಾಗಿತ್ತು, ಓಟು ಮಾತ್ರ ಇರಲಿಲ್ಲ. ವೈಟ್‌ಫೀಲ್ಡ್ ಜೊತೆಗೇ ವಿಟ್ನೆಸ್ಸೂ ಆಫ್ ಆಗಿತ್ತು. ಸಾಕ್ಷಿ ಹೇಳಬೇಕಾದವನನ್ನು ವಾದಿಯ ಮನೆಯಲ್ಲೇ ಉಳಿಸಿಕೊಂಡ ಹಾಗಾಯಿತು. ಈ ವರ್ಶನ್‌ನಲ್ಲಿ ಒಂದು ಒಳ್ಳೆಯ ಅನುಕೂಲ ಇದೆ: ಒಂದು ಸೈಟ್ ಬಿದ್ದ ಮೇಲೆ ಓಟುಗಳನ್ನು ತಾನೇ ಹೊಂದಿಸಿಕೊಳ್ಳುತ್ತದೆ, ಆಮೇಲೆ ವಿಟ್ನೆಸ್ ಹೋದರೂ ವಿಎಂ ನಿಲ್ಲುವುದಿಲ್ಲ. ಆದರೆ ಎರಡೂ ಒಟ್ಟಿಗೆ ಹೋದರೆ ಅದಕ್ಕಾದರೂ ಹೊಂದಿಸಲು ಸಮಯ ಎಲ್ಲಿ?

ಬಾಕ್ಸ್ ಇದ್ದಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ಹದಿನೈದು ಕೆಜಿಯ ಪೆಟ್ಟಿಗೆ ಹೊರುವಾಗ ಎಲ್ಲಿಗೆ ಅಂತ ಕೇಳಲೇಬೇಕಾಗುತ್ತದೆ. ಬಾಕ್ಸಿಗೆ ನಾನು ಕೊಡುವ ಮಾರ್ಕು ಅದೊಂದಕ್ಕೇ.

ಸೋಮವಾರವೇ ಮಂಗಳೂರಿಗೆ ಸಾಗಿಸಿದೆ. ಸಾಗಿಸಿದೆ ಅಂದರೆ ಹಳೆಯದನ್ನು ಒಯ್ಯಲಿಲ್ಲ. ಬ್ರಾಂಚಿನಲ್ಲಿ ಫೈಲ್ ಸರ್ವರ್ ಮತ್ತು ಹಾಜರಿ ಸಾಫ್ಟ್‌ವೇರ್ ಓಡುವ ಒಂದು ಇಎಸ್‌ಎಕ್ಸ್‌ಐ ಹೋಸ್ಟ್ ಮೊದಲೇ ಇತ್ತು. ಅದರ ಮೇಲೆ ಹೊಸ ಅಪ್ಲಯನ್ಸ್ ಎಬ್ಬಿಸಿ, ವಿಸೆಂಟರ್‌ನಲ್ಲಿ (ಎಲ್ಲ ಹೋಸ್ಟುಗಳನ್ನೂ ನೋಡಿಕೊಳ್ಳುವ ಸಾಫ್ಟ್‌ವೇರ್) ವಿಟ್ನೆಸ್ ಬದಲಿಸಿ, ಹಳೆಯದನ್ನು ಅಳಿಸಿದೆ. ನೆಟ್‌ವರ್ಕ್ ರೂಟ್ (ದಾರಿ) ಹಾಕುವುದು ಮರೆತು ಒಂದು ಗಂಟೆ ಒದ್ದಾಡಿದ್ದು ಬಿಟ್ಟರೆ ಇಪ್ಪತ್ತೈದು ನಿಮಿಷದ ಕೆಲಸ. ಇದಕ್ಕೆ ಬ್ಯಾಕಪ್ ಬೇಡ, ಸ್ನ್ಯಾಪ್‌ಶಾಟ್ ಬೇಡ. ಕೆಟ್ಟರೆ ಹೊಸದು ಹಾಕಿದರಾಯಿತು.

ದೂರದ ಬಗ್ಗೆ ಹೆದರುವವರಿಗೆ ಒಂದು ಲೆಕ್ಕ. ಎರಡು ಡೇಟಾ ಸೈಟುಗಳ ಮಧ್ಯೆ ಹೋಗಿ ಬರಲು 5 ಮಿಲಿಸೆಕೆಂಡ್ ಮೀರಬಾರದು. ವಿಟ್ನೆಸ್‌ಗೆ, ಒಂದೊಂದು ಸೈಟಿನಲ್ಲಿ ಹತ್ತು ಹೋಸ್ಟಿನವರೆಗೆ, 200 ಮಿಲಿಸೆಕೆಂಡ್‌ವರೆಗೂ ನಡೆಯುತ್ತದೆ. ನಮ್ಮದು 14. ಲೈನು ಪ್ರತಿ 1,000 ಕಾಂಪೊನೆಂಟಿಗೆ 2 ಎಂಬಿಪಿಎಸ್ ಬೇಕು. ನಮ್ಮಲ್ಲಿ ಸುಮಾರು 3,000 ಇವೆ, ಅಂದರೆ 6. ಬ್ರಾಂಚಿನ 20 ಎಂಬಿಪಿಎಸ್ ಲೈನಿನಲ್ಲಿ ಆರಾಮ.

ದುಡ್ಡಿನ ಮಾತು. ಅಪ್ಲಯನ್ಸ್ ತನ್ನ ಲೈಸೆನ್ಸ್ ತಾನೇ ತರುತ್ತದೆ. ಬಾಕ್ಸಿಗೆ ನಾವೇ ಕೊಡಬೇಕು. 2023ರ ನವೆಂಬರ್‌ನಲ್ಲಿ ವಿಎಂವೇರ್ ಬ್ರಾಡ್‌ಕಾಮ್ ಕೈಗೆ ಹೋದ ಮೇಲೆ ಇಎಸ್‌ಎಕ್ಸ್‌ಐ ಲೈಸೆನ್ಸ್ ಕೋರ್ ಲೆಕ್ಕದ ಚಂದಾ. ಒಂದು ಸಿಪಿಯುಗೆ ಕನಿಷ್ಠ 16 ಕೋರ್ ಅಂತ ಎಣಿಸುತ್ತಾರೆ. ನನ್ನ ನಾಲ್ಕು ಕೋರಿನ ಪೆಟ್ಟಿಗೆಗೂ ಹದಿನಾರರ ಬಿಲ್ಲು. ಮೂರನೇ ಜಾಗದಲ್ಲಿ ಇಎಸ್‌ಎಕ್ಸ್‌ಐ ಹೋಸ್ಟೇ ಇಲ್ಲದಿದ್ದರೆ ಬಾಕ್ಸ್ ತರಲೇಬೇಕು, ಬೇರೆ ದಾರಿಯಿಲ್ಲ. ಆಗಲೂ ನಾನಾದರೆ ಅದರ ಮೇಲೆ ಅಪ್ಲಯನ್ಸನ್ನೇ ಹಾಕುತ್ತೇನೆ. ಉಳಿದ ರ‍್ಯಾಮಿನಲ್ಲಿ ಇನ್ನೆರಡು ವಿಎಂ ಓಡಿಸಬಹುದಲ್ವಾ?

ಅಪ್ಲಯನ್ಸ್ ಹಾಕುವವರು ಎರಡು ವಿಷಯ ನೋಡಿಕೊಳ್ಳಿ. ಒಂದು, ಆಟೋಸ್ಟಾರ್ಟ್. ಬ್ರಾಂಚಿನಲ್ಲಿ ಸಿಡಿಲು ಬಡಿದು ಕರೆಂಟು ಹೋಯಿತು. ಬಂದ ಮೇಲೆ ಹೋಸ್ಟ್ ಎದ್ದಿತು, ವಿಟ್ನೆಸ್ ವಿಎಂ ಏಳಲಿಲ್ಲ. ಬೆಂಗಳೂರಿನಲ್ಲಿ ಏನೂ ನಿಲ್ಲದ ಕಾರಣ ಎರಡು ದಿನ ಯಾರಿಗೂ ಗೊತ್ತಾಗಲಿಲ್ಲ. ಈಗ ಆ ಅಲಾರಂ ನನ್ನ ಫೋನಿಗೇ ಬರುತ್ತದೆ. ಇನ್ನೊಂದು, 8.0ರ ಇಎಸ್‌ಎ (ವಿಸ್ಯಾನ್‌ನ ಹೊಸ ರಚನೆ) ಕ್ಲಸ್ಟರಿಗೆ ಓವಿಎ ಬೇರೆ ಇದೆ. ಹಳೆಯದು ಡೌನ್‌ಲೋಡ್ ಮಾಡಿಟ್ಟಿದ್ದೇನೆ ಅಂತ ಅದನ್ನೇ ಹಾಕಬೇಡಿ.

ಅಪ್ಲಯನ್ಸಿಗೆ ಐದಕ್ಕೆ ನಾಲ್ಕೂವರೆ. ಬಾಕ್ಸಿಗೆ ಎರಡು.

ಆ ಟವರ್ ಇನ್ನೂ ಮಂಗಳೂರಿನ ಟೇಬಲ್ ಕೆಳಗೇ ಇದೆ. ಫೋನ್ ಮಾಡಿದಾಗಲೆಲ್ಲ "ಇದನ್ನು ತೆಗೊಂಡು ಹೋಗುದು ಯಾವಾಗ ಸರ್?" ಎಂದು ಕೇಳುತ್ತಾರೆ. ಮಳೆಗಾಲದಲ್ಲಿ ಅದರ ಮೇಲೆ ಕೊಡೆ ಒಣಗಿಸುತ್ತಾರಂತೆ.