ಮಲೆನಾಡಿನ ಗೋಡೆಗೆ ಯಾವುದು: ಸಾಗುವಾನಿ ಹಲಗೆ, ವೆನೀರ್ ಪ್ಲೈ, ಎಂಡಿಎಫ್

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಜಗಲಿ ಗೋಡೆಗೆ ಸಾಗುವಾನಿ ಹಲಗೆ, ಟಿವಿ ಹಿಂದೆ ಎಂಡಿಎಫ್ (ಮರದ ನಾರಿಗೆ ಅಂಟು ಸೇರಿಸಿ ಒತ್ತಿ ಮಾಡಿದ ಶೀಟು), ಮಲಗುವ ಕೋಣೆಗೆ ವೆನೀರ್ ಪ್ಲೈ (ಮೇಲೆ ಮರದ ತೆಳು ಪದರ ಅಂಟಿಸಿದ ಪ್ಲೈವುಡ್) ಇದೆ. ಮೂರೂ ಮಳೆಗಾಲ, ಬೇಸಿಗೆ ಎರಡನ್ನೂ ಕಂಡಿವೆ. ಈಗಲೇ ಹೇಳಿಬಿಡುತ್ತೇನೆ, ನನ್ನ ಓಟು ಹಲಗೆಗೆ.

ಎಂಡಿಎಫ್ ನೋಡಲು ಚೆಂದ, ಬೆಲೆಯೂ ಕಡಿಮೆ. ಆದರೆ ನೆಲ ಒರೆಸುವ ನೀರು ತಾಗಿ ತಾಗಿ ಕೆಳಗಿನ ಅಂಚು ಉಬ್ಬಿತು. ಒಣಗಿದ ಮೇಲೂ ಇಳಿಯಲಿಲ್ಲ. ಅಷ್ಟೇ ಅದರ ಕಥೆ.

ಪ್ಲೈವುಡ್ಡಿನಲ್ಲಿ ಪದರಗಳನ್ನು ಒಂದು ಉದ್ದ, ಒಂದು ಅಡ್ಡ ಇಟ್ಟು ಅಂಟಿಸಿರುತ್ತಾರೆ. ಹಾಗಾಗಿ ಹಿಗ್ಗುವ ರಗಳೆ ಇಲ್ಲವೆಂದೇ ಅನ್ನಬಹುದು. ಐಎಸ್ 710 ಗುರುತಿನ, ಅಂದರೆ ನೀರು ತಡೆಯುವ ಮರೀನ್ ಪ್ಲೈಯನ್ನೇ ತನ್ನಿ, ಬರೀ ತೇವ ತಡೆಯುವ ಎಂಆರ್ ಅಂತ ಬರೆದದ್ದು ನಮ್ಮ ಥಂಡಿ ಗೋಡೆಗೆ ಸಾಲದು. ನನ್ನ ತಕರಾರು ಒಂದೇ. ಮೇಲಿನ ವೆನೀರ್ ತೀರಾ ತೆಳು, ಕುರ್ಚಿ ತಾಗಿ ಕಿತ್ತರೆ ಮತ್ತೆ ಉಜ್ಜಿ ಪಾಲಿಶ್ ಮಾಡಲು ಏನೂ ಉಳಿದಿರುವುದಿಲ್ಲ.

ಹಲಗೆಯದ್ದು ಬೇರೆಯೇ ಗೋಳು. ಮರ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕಿಲ್ಲ, ಅಗಲಕ್ಕೆ ಹಿಗ್ಗುತ್ತದೆ. ಸಾಗುವಾನಿ ಈ ವಿಷಯದಲ್ಲಿ ಸಾಧು ಮರ. ಆದರೂ 4 ಇಂಚಿನ ಹಲಗೆಯ ತೇವಾಂಶ ಶೇ. 10ರಿಂದ 16ಕ್ಕೆ ಏರಿದರೆ ಹತ್ತಿರ ಹತ್ತಿರ 1 ಮಿಲಿಮೀಟರ್ ಅಗಲವಾಗುತ್ತದೆ. 12 ಅಡಿ ಗೋಡೆಗೆ ಅಂಥ 36 ಹಲಗೆ. ಒಟ್ಟು ಒಂದೂವರೆ ಇಂಚು, ಅಲ್ವಾ? ಆಚಾರಿ ಮಾರ್ಚಿನಲ್ಲಿ ಸಂದೇ ಕಾಣದ ಹಾಗೆ ಬಡಿದು ಕೂರಿಸಿದ್ದರು. ಜುಲೈನಲ್ಲಿ ಗೋಡೆಯ ನಡುಭಾಗ ಹೊಟ್ಟೆ ಬಿಟ್ಟು, ಮೊಳೆ ಸಮೇತ ರೀಪಿನಿಂದ ಎದ್ದು ಬಂತು.

ಬಿಚ್ಚಿ ಮತ್ತೆ ಹಾಕಿಸುವಾಗ ಟಂಗ್ ಆಂಡ್ ಗ್ರೂವ್ ಸಂದಿಗೆ (ಒಂದು ಹಲಗೆಯ ಅಂಚಿನ ನಾಲಗೆ ಪಕ್ಕದ ಹಲಗೆಯ ಗಾಡಿಯೊಳಗೆ, ಅಂದರೆ ಗ್ರೂವಿನೊಳಗೆ, ಕೂರುವ ಜೋಡಣೆ) ಫೆವಿಕಾಲ್ ಮುಟ್ಟಿಸಲಿಲ್ಲ. ಮೊಳೆ ಒಂದೇ ಅಂಚಿಗೆ, ಇನ್ನೊಂದು ಅಂಚು ಗ್ರೂವಿನೊಳಗೆ ಹಿಂದೆ ಮುಂದೆ ಆಡಿಕೊಂಡಿರಲಿ. ಬೇಸಿಗೆಯಲ್ಲಿ ಹಾಕುವುದಾದರೆ ಪ್ರತಿ ಸಂದಿನಲ್ಲಿ ಒಂದು ರೂಪಾಯಿ ನಾಣ್ಯ ಹಿಡಿಯುವಷ್ಟು ಜಾಗ ಬೇಕು. ಮಳೆಗಾಲದಲ್ಲಾದರೆ ಒತ್ತಿಯೇ ಕೂರಿಸಬೇಕು. ಗೋಡೆಯ ಎರಡೂ ಕೊನೆಯಲ್ಲಿ ಬಿಟ್ಟ ಜಾಗವನ್ನು ಬೀಡಿಂಗ್, ಅಂದರೆ ಅಂಚಿನ ತೆಳು ಪಟ್ಟಿ, ಮುಚ್ಚುತ್ತದೆ. ಬೀಡಿಂಗಿಗೆ ಮೊಳೆ ಗೋಡೆಯ ಕಡೆಗೆ, ಹಲಗೆಗಲ್ಲ.

ಆಮೇಲೆ ಪಾಲಿಶ್ ಕಾಟ. ನಮ್ಮಲ್ಲಿ ಹಲಗೆ ಕೂರಿಸಿದ ಮೇಲೆ ಹೊಡೆದರು. ಬೇಸಿಗೆಯಲ್ಲಿ ಹಲಗೆ ಕುಗ್ಗಿದಾಗ ಪಾಲಿಶ್ ತಾಗದ ನಾಲಗೆ ಪ್ರತಿ ಸಂದಿನಿಂದಲೂ ಬಿಳಿ ಗೆರೆಯಾಗಿ ಇಣುಕಿತು. ತೆಳು ಬ್ರಶ್ ಹಿಡಿದು ಒಂದೊಂದೇ ಸಂದು ತುಂಬಿಸಿದ್ದಾಯಿತು. ಹಲಗೆ ಕೆಳಗಿರುವಾಗಲೇ ನಾಲಗೆಗೆ, ಹಿಂಬದಿಗೆ ಒಂದು ಕೋಟ್ ಹೊಡೆಸಿಬಿಡಿ.

ಹೊಸ ಸಾಗುವಾನಿ ನನ್ನ ಬಜೆಟ್ಟಿಗೆ ದೂರದ ಮಾತು. ನಾವು ತಂದದ್ದು ಕೆಡವಿದ ಹಳೆ ಮನೆಯ ಮುಚ್ಚಿಗೆ ಹಲಗೆ. ಮಿಲ್ಲಿನ ಕೂಲಿ ಸೇರಿಸಿದರೂ ಪ್ಲೈಗಿಂತ ಸ್ವಲ್ಪವೇ ಜಾಸ್ತಿ ಬಿತ್ತು. ಬೇಸಿಗೆಯಲ್ಲಿ ಸಂದು ಕಂಡರೆ ನನಗೇನೂ ಬೇಜಾರಿಲ್ಲ. ಬೆಂಗಳೂರಿನ ತಮ್ಮನ ಫ್ಲ್ಯಾಟಿಗೆ ಮಾತ್ರ ನಾನೇ ಪ್ಲೈ ಹೇಳಿದ್ದೇನೆ. ಗೋಡೆಯಲ್ಲಿ ಒಂದು ಗೆರೆ ಕಂಡರೂ ಅವನು ಆಚಾರಿಗೆ ಫೋನ್ ಮಾಡುವ ಪೈಕಿ.